ಒಂಬತ್ತನೇ ಸ್ಟೇಷನ್

ಅಖಿಲೇಶ ಒಂದಾದ ಮೇಲೊಂದು ಊರಿನ ಸದ್ದು ಇಳಿಸುತ್ತಿದ್ದ. ಮೊದಲು ರಿಯಾದ್, ಆಮೇಲೆ ಜಿದ್ದಾ, ಕೊನೆಗೆ ಖೋಬರ್. ಪರದೆಯ ಮೇಲಿನ ಹಸಿರು ಪಟ್ಟಿಗಳು ಕುಸಿದು ಬೂದಿ ಬಣ್ಣಕ್ಕೆ ತಿರುಗಿದವು. ಸ್ಪೀಕರಿನಲ್ಲಿ ಮೊಳಗುತ್ತಿದ್ದ ತುತ್ತೂರಿಗಳು ಅರ್ಧ ಉಸಿರಿನಲ್ಲೇ ನಿಂತವು. ಕಿಟಕಿಯಾಚೆ, ರಿಯಾದಿನ ಒಲಾಯಾ ಬಡಾವಣೆಯ ಮಸೀದಿಯಿಂದ ಮುಸ್ಸಂಜೆಯ ಮಗ್ರಿಬ್ ನಮಾಜಿಗೆ ಕರೆಯುವ ಬಾಂಕ್ ಕೇಳುತ್ತಿತ್ತು. ಅವನು ಕೈ ಝಾಡಿಸಿ ಕುರ್ಚಿಗೆ ಒರಗುವುದಕ್ಕೂ, ರೆಕಾರ್ಡಿಂಗ್ ಕೋಣೆಯ ದಪ್ಪ ಬಾಗಿಲು ತಳ್ಳಿಕೊಂಡು ನೌಶಾದ್ ಹೊರಗೆ ಬರುವುದಕ್ಕೂ ಸರಿಹೋಯಿತು.

"ಒಂದೇ ಟೇಕಿಗೆ ಆಯ್ತು ಮಾರಾಯ," ಎಂದ ನೌಶಾದ್. ಹೆಡ್‌ಫೋನ್ ಇನ್ನೂ ಕೊರಳಲ್ಲೇ ನೇತಾಡುತ್ತಿತ್ತು. "ನಾಲಗೆ ಎಲ್ಲಿಯೂ ಸಿಕ್ಕಿಕೊಳ್ಳಲಿಲ್ಲ. ಅಲ್ಲಿ ಮುಖ್ಯ ಸ್ಟೇಷನ್ನಿನಲ್ಲಿ ಯೆಸೇನಿಯಾ ಕೇಳಿದ್ರೆ ಕುರ್ಚಿಯಿಂದ ಬೀಳ್ತಾಳೆ."

"ಬಿದ್ದು ಸೊಂಟ ಮುರಿದುಕೊಂಡ್ರೆ ನಿನಗೆ ರೇಡಿಯೊದಲ್ಲಿ ಒಂದು ಗಂಟೆ ಯಾರು ಕೊಡುವುದು?" ಎಂದ ಅಖಿಲೇಶ. "ನೋಡು, ನಿನ್ನ ಕೆಲಸವೂ ಮಾಡಿಟ್ಟಿದ್ದೇನೆ. ಬಾಂಕ್ ಶುರುವಾದದ್ದೇ ಎಲ್ಲ ಇಳಿಸಿದೆ."

ನೌಶಾದ್ ಪರದೆಯ ಹತ್ತಿರ ಬಂದ. ಅವನ ನಗು ಮುಖದಲ್ಲೇ ಉಳಿದಿತ್ತು, ಆದರೆ ಅದಕ್ಕೆ ಅರ್ಥ ಉಳಿದಿರಲಿಲ್ಲ.

"ಖೋಬರ್ ಯಾವಾಗ ಇಳಿಸಿದ್ದು?"

"ಈಗ. ಒಟ್ಟಿಗೆ."

"ಈಗ ಅಂದ್ರೆ?"

"ಬಾಂಕ್ ಕೇಳಿದಾಗ. ನೀನೇ ಹೇಳಿದ್ದಲ್ಲವಾ, ಬಾಂಕಿನ ಹೊತ್ತಿಗೆ ಇಳಿಸು ಅಂತ?"

ನೌಶಾದ್ ಗೋಡೆಯ ಕಡೆಗೆ ಕೈ ತೋರಿಸಿದ. ಅಲ್ಲಿ ಮೂರು ಊರುಗಳ ನಮಾಜಿನ ಹೊತ್ತು ಬೇರೆ ಬೇರೆಯಾಗಿ ಬರೆದ ಹಾಳೆ ಅಂಟಿಸಿತ್ತು. ಜಿದ್ದಾ ಪಡುವಣಕ್ಕೆ, ಅಲ್ಲಿ ಬೇಗ ಇಳಿಸಿದರೆ ತೊಂದರೆಯಿಲ್ಲ. ಖೋಬರ್ ಇರುವುದು ಮೂಡಲ ದಿಕ್ಕಿನಲ್ಲಿ, ಸಮುದ್ರದ ಅಂಚಿಗೆ. ಸೂರ್ಯ ಅಲ್ಲಿ ಮೊದಲು ಮುಳುಗುತ್ತಾನೆ. ಅಲ್ಲಿ ಬಾಂಕ್ ಆಗಿ, ಜನ ಸಾಲು ನಿಂತು, ಈಗ ನಮಾಜೇ ಮುಗಿಯುತ್ತ ಬಂದಿರಬೇಕು. ಅಷ್ಟು ಹೊತ್ತೂ ಖೋಬರಿನ ಕೆಫೆಗಳಲ್ಲಿ ಸಾಲ್ಸಾ ಬಾರಿಸುತ್ತಲೇ ಇತ್ತು. ಜನ ನಮಾಜು ಮುಗಿಸಿ ಬಂದು ಕಾಫಿಗೆ ಕೂರುವ ಹೊತ್ತಿಗೆ ಸರಿಯಾಗಿ ಅಖಿಲೇಶ ಅದನ್ನು ನಿಲ್ಲಿಸಿದ್ದ.

ಅಖಿಲೇಶ ಹಾಳೆಯನ್ನೂ ಕಿಟಕಿಯನ್ನೂ ಒಮ್ಮೆ ನೋಡಿದ. ಬಾಯಿ ತೆರೆದ. ಅಷ್ಟರಲ್ಲಿ ಮೇಜಿನ ಮೇಲಿನ ಫೋನು ಹೊಡೆದುಕೊಳ್ಳತೊಡಗಿತು. ಖೋಬರಿನ ನಂಬರು.

ಇಬ್ಬರೂ ಅದನ್ನು ಎತ್ತಲಿಲ್ಲ.

*

ಲಾ ಪಾಲ್ಮೆರಾ ಎಂಬ ರೇಡಿಯೊ ಇರುವುದು ಕೊಲಂಬಿಯಾದ ಒಂದು ರೇವುಪಟ್ಟಣದಲ್ಲಿ. ಹಗಲಿರುಳು ಸಾಲ್ಸಾ, ಕುಂಬಿಯಾ, ಮೆರೆಂಗೆ. ಸೊಂಟ ಸುಮ್ಮನಿರಲು ಬಿಡದ ಹಾಡುಗಳೇ ಎಲ್ಲ. ಅದರ ಕೆಳಗೆ ಅದೇ ಕರಾವಳಿಯ ಉದ್ದಕ್ಕೂ ಇನ್ನೂ ಏಳು ಸ್ಟೇಷನ್‌ಗಳು. ಅವರು ತಮ್ಮ ಈ ಜಾಲವನ್ನು ಸರಪಳಿ ಎನ್ನುತ್ತಾರೆ. ಓದಲು ಮಯಾಮಿಗೆ ಹೋದ ಬಂದರ್ ಎಂಬ ರಿಯಾದಿನ ಶ್ರೀಮಂತ ಯುವಕನಿಗೆ ಟ್ಯಾಕ್ಸಿಗಳಲ್ಲಿ ಕೇಳಿದ ಆ ಹಾಡುಗಳ ಹುಚ್ಚು ಹತ್ತಿ, ಹಿಂದಿರುಗಿದ ಮೇಲೆ ಅವನು ಆ ಸರಪಳಿಗೆ ಒಂಬತ್ತನೇ ಕೊಂಡಿಯೊಂದನ್ನು ಒಲಾಯಾದಲ್ಲಿ ಸೇರಿಸಿದ್ದ. ಇದಕ್ಕೆ ಟವರ್ ಇಲ್ಲ, ಆಂಟೆನಾ ಇಲ್ಲ. ಕೆಫೆ, ಜಿಮ್, ಹೋಟೆಲುಗಳ ಸೀಲಿಂಗಿನೊಳಗೆ ಒಂದು ಪುಟ್ಟ ಕಪ್ಪು ಪೆಟ್ಟಿಗೆ ಇಡುವುದು, ಇಲ್ಲಿಂದ ಹಾಡು ಕಳಿಸುವುದು. 'ನೀವೇನೂ ಮುಟ್ಟಬೇಕಾಗಿಲ್ಲ' ಎಂಬುದೇ ಗಿರಾಕಿಗಳಿಗೆ ಕೊಟ್ಟ ಮಾತು. ರಮ್ ಕುಡಿಯುವ ಹಾಡು ಬಂದರೆ ಇಲ್ಲಿ ತೆಗೆಯುತ್ತಾರೆ, ನಮಾಜಿನ ಹೊತ್ತಿಗೆ ಇಲ್ಲೇ ಸದ್ದಡಗಿಸುತ್ತಾರೆ.

ಆ ಎರಡು ಕೆಲಸ ನೌಶಾದ್‌ನದು. ಜುಬೈಲ್‌ನ ಕ್ಯಾಂಪಿನಲ್ಲಿ ವೆನೆಜುವೆಲಾದ ತೈಲ ಕೆಲಸಗಾರರಿಗೆ ಅನ್ನ ಬಡಿಸುತ್ತ ಅರೆಬರೆ ಕಲಿತ ಸ್ಪ್ಯಾನಿಷ್, ಇಲ್ಲಿ ದಿನವಿಡೀ ಹಾಡು ಕೇಳಿ ಕೇಳಿ ಪೂರ್ತಿಯಾಗಿತ್ತು. ಆದರೆ ಅವನನ್ನು ಹಿಡಿದದ್ದು ಹಾಡುಗಳಲ್ಲ. ಹಾಡಿನ ನಡುವೆ ತುತ್ತೂರಿಗಳು ಒಂದು ಕ್ಷಣ ಉಸಿರೆಳೆದುಕೊಳ್ಳುವಾಗ ಆ ಸಂದಿನಲ್ಲಿ ನುಸುಳಿಕೊಂಡು ಬರುವ ನಿರೂಪಕರ ದನಿ. 'ಮೀನು ಮಾರುಕಟ್ಟೆಯ ದೋನ್ಯಾ ರೋಸಾ, ನಿಮಗೆ ನಮಸ್ಕಾರ. ಮೂರನೇ ಬೀದಿಯ ಕ್ಷೌರಿಕ ಎಫ್ರಾಯಿನ್, ನಿನ್ನ ಮಗಳು ಪಾಸಾದಳಂತೆ, ನಮಸ್ಕಾರ.' ಹಾಡು ಯಾರದೋ, ಹೆಸರು ಮಾತ್ರ ಊರಿನವರದು.

ಇದನ್ನು ಮೊದಲ ಸಲ ಕೇಳಿದ ದಿನ ನೌಶಾದ್ ಒಬ್ಬನೇ ನಕ್ಕಿದ್ದ. ಇದು ಅವನದೇ ಕೆಲಸ. ಉಪ್ಪಿನಂಗಡಿ ಸುತ್ತಿನ ಕಬಡ್ಡಿ, ವಾಲಿಬಾಲ್ ಟೂರ್ನಮೆಂಟುಗಳಲ್ಲಿ ಮೈಕ್ ಹಿಡಿಯುತ್ತಿದ್ದವನು ಅವನೇ. 'ಈಗಷ್ಟೇ ಮೈದಾನಕ್ಕೆ ಆಗಮಿಸಿರುವ ನಮ್ಮೆಲ್ಲರ ಪ್ರೀತಿಯ, ಬಸ್‌ಸ್ಟ್ಯಾಂಡ್ ಬಳಿಯ ಕೋಳಿ ಅಂಗಡಿಯ ಶಂಸುದ್ದೀನ್‌ರವರನ್ನು...' ಎಂದು ಅವನು ಎಳೆದರೆ ಶಂಸುದ್ದೀನ್ ಲುಂಗಿ ಸರಿಮಾಡಿಕೊಂಡು ಎದೆ ಮುಂದೆ ಮಾಡಿ ನಡೆಯುತ್ತಿದ್ದ. ಪಂದ್ಯ ಯಾರು ಗೆದ್ದರೆಂಬುದು ಮರುದಿನ ಮರೆತುಹೋಗುತ್ತಿತ್ತು. ಮೈಕಿನಲ್ಲಿ ತನ್ನ ಹೆಸರು ಬಂದದ್ದನ್ನು ಯಾರೂ ಮರೆಯುತ್ತಿರಲಿಲ್ಲ.

ಪ್ರತಿ ಶನಿವಾರ ಸರಪಳಿಯ ಒಂದು ಸ್ಟೇಷನ್ನಿಗೆ ಒಂದು ಗಂಟೆ ಸಿಗುತ್ತದೆ. ಆ ಹೊತ್ತು ಉಳಿದ ಎಲ್ಲ ಸ್ಟೇಷನ್‌ಗಳು ಅದನ್ನೇ ಹರಡಬೇಕು. ಒಂಬತ್ತನೆಯದಕ್ಕೆ ಸರದಿ ಬಂದಿರಲೇ ಇಲ್ಲ. ಅಲ್ಲಿ ಮಾತಾಡುವವರು ಯಾರಿದ್ದಾರೆ? ನೌಶಾದ್ ಒಂದು ದಿನ ಧೈರ್ಯ ಮಾಡಿ ಮುಖ್ಯ ಸ್ಟೇಷನ್ನಿನ ಯೆಸೇನಿಯಾಗೆ ತನ್ನ ದನಿಯ ತುಣುಕೊಂದನ್ನು ಕಳಿಸಿದ್ದ. ಅವಳು ಹತ್ತು ನಿಮಿಷದ ಮಾದರಿ ಕಳಿಸು ಎಂದಿದ್ದಳು. ಅದನ್ನೇ ಅವನು ಈವತ್ತು ಕೋಣೆಯೊಳಗೆ ಕೂತು ಮಾಡಿದ್ದು. ಮಲಾಜ್ ಬಡಾವಣೆಯಲ್ಲಿ ತನ್ನ ಜೊತೆಗಿರುವ ರೂಮಿನವರ, ಲಾಂಡ್ರಿಯ ಸೇಸಪ್ಪಣ್ಣನ, ಊರಲ್ಲಿರುವ ಉಮ್ಮ ಝುಬೈದಾಳ, ಹೆಂಡತಿ ಹಸ್ನಾಳ ಹೆಸರುಗಳು ಆಗಲೇ ಅದರೊಳಗೆ ಕೂತಿದ್ದವು. ಕೊಲಂಬಿಯಾದ ಮೀನು ಮಾರುಕಟ್ಟೆಯಲ್ಲಿ ತನ್ನ ಉಮ್ಮನ ಹೆಸರು ಮೊಳಗುವುದನ್ನು ನೆನೆದು ಅವನಿಗೆ ನಾಲ್ಕು ದಿನದಿಂದ ನಿದ್ದೆ ಸರಿಯಿರಲಿಲ್ಲ. ಎಲ್ಲರಿಗೂ ಹೇಳಿಯೂ ಆಗಿತ್ತು.

ತಾನಾಗಿ ಸದ್ದಡಗಿಸುವ ಪ್ರೋಗ್ರಾಂ ಈವತ್ತೇ ಕೆಟ್ಟಿತ್ತು. ಮಗ್ರಿಬ್ ಒಂದನ್ನು ನೋಡಿಕೋ ಎಂದು ಅವನು ಪಕ್ಕದ ಮೇಜಿನ ಅಖಿಲೇಶನಿಗೆ ಹೇಳಿ ಒಳಗೆ ಹೋಗಿದ್ದ.

*

ಅಬ್ದುಲ್ ಸಮದ್‌ರ ಕೋಣೆಯಲ್ಲಿ ಏಸಿ ಜೋರಾಗಿತ್ತು, ಆದರೂ ಅವರು ಹಣೆ ಒರೆಸಿಕೊಳ್ಳುತ್ತಿದ್ದರು. ಪುತ್ತೂರು ಕಡೆಯವರು, ಈ ದೇಶಕ್ಕೆ ಬಂದು ತಲೆ ಹಣ್ಣಾಗಿತ್ತು. ಆಫೀಸನ್ನು ನಡೆಸುವವರು ಅವರೇ. ಬಂದರ್ ವಾರಕ್ಕೊಮ್ಮೆ ಬಂದು ಹಾಡು ಕೇಳಿ ಹೋಗುತ್ತಿದ್ದ, ಅಷ್ಟೆ.

"ಕೆಫೆಯ ಮಾಲೀಕನ ತಂದೆ ಅಲ್ಲಿಯೇ ಕೂತಿದ್ದರಂತೆ," ಎಂದರು ಸಮದ್. "ವಯಸ್ಸಾದವರು. ಕಾಲು ನೋವು, ಮಸೀದಿಗೆ ಹೋಗ್ಲಿಕ್ಕೆ ಆಗುವುದಿಲ್ಲ. ಅಲ್ಲೇ ಕುರ್ಚಿಯಲ್ಲಿ ನಮಾಜಿಗೆ ಕೂತಿದ್ದಾರೆ. ತಲೆ ಮೇಲೆ ನಿಮ್ಮ ಡೋಲು. ಕೆಫೆಯವರು ಸ್ಟೂಲ್ ಹತ್ತಿ ಸೀಲಿಂಗಿನೊಳಗೆ ಕೈ ಹಾಕಿ ವೈರ್ ಹುಡುಕಿದ್ದಾರೆ. ಸಿಗಲಿಲ್ಲ. ನಾವು ಚೆಂದ ಮಾಡಿ ಮುಚ್ಚಿದ್ದೇವಲ್ಲ? ಮುದುಕರು ಎದ್ದು ಹೋದರಂತೆ. ಕೋಲು ಊರಿಕೊಂಡು."

ಅವರು ಮತ್ತೊಮ್ಮೆ ಹಣೆ ಒರೆಸಿಕೊಂಡರು.

"ಯಾರು ಮಾಡಿದ್ದು ಅಂತ ಕೇಳ್ತಿದ್ದಾನೆ ಅವ. ಹೆಸರು ಬೇಕಂತೆ. ಅವನ ಕುಟುಂಬದ್ದು ಆ ಕಡೆ ಹನ್ನೆರಡು ಕೆಫೆ ಉಂಟು. ಎಲ್ಲ ಪೆಟ್ಟಿಗೆ ಕಿತ್ತು ಬಿಸಾಡ್ತೇನೆ ಅಂತಾನೆ."

"ನಾನೇ ಸಾರ್," ಎಂದ ಅಖಿಲೇಶ. "ಕೇಳಿದ ಕೂಡಲೇ ಇಳಿಸಿದೆ ಸಾರ್. ನಮ್ಮ ನೋಣಯ ಮಾವ ಹಾಗೇ ಕಲಿಸಿದ್ದು. ಬಾಂಕ್ ಕಿವಿಗೆ ಬೀಳುವ ಮೊದಲು ಕೈ ನಾಬಿನ ಮೇಲೆ ಇರಬೇಕು ಅಂತ. ಅಲ್ಲಿ ಮೊದಲು ಆಗ್ತದೆ ಅಂತ ತಲೆಗೇ ಹೋಗಲಿಲ್ಲ."

ಅವನ ಮಾವ ನೋಣಯರ ಮೈಕ್ ಸೆಟ್ಟಿನ ಕತೆ ನೌಶಾದ್‌ಗೆ ಗೊತ್ತಿತ್ತು. ಒಂದು ಮದುವೆಯ ದಿಬ್ಬಣ, ಒಂದು ಮಸೀದಿ, ನಿಲ್ಲಿಸಲು ತಡವಾದ ಒಂದು ಹಾಡು. ಮರುದಿನ ಬೆಳಿಗ್ಗೆ ಅವರ ಪಿಕಪ್ ಸ್ಪೀಕರುಗಳ ಸಮೇತ ಕರಕಲಾಗಿ ನಿಂತಿತ್ತು. ವಾರಗಟ್ಟಲೆ ಪೇಟೆಯಲ್ಲಿ ಪೊಲೀಸ್ ವ್ಯಾನು. ಅಂದಿನಿಂದ ಆ ಮನೆಯ ಮಕ್ಕಳಿಗೆಲ್ಲ ಕಿವಿ ಮೊದಲು, ಕಣ್ಣು ಆಮೇಲೆ.

"ನಿನ್ನ ಹೆಸರು ಕೊಟ್ಟರೆ ಎಂತ ಆಗ್ತದೆ ಗೊತ್ತುಂಟಾ?" ಎಂದು ಸಮದ್ ಅಖಿಲೇಶನನ್ನೇ ನೋಡಿದರು.

ಅವನಿಗೆ ಗೊತ್ತಿತ್ತು. ಮೂವರಿಗೂ ಗೊತ್ತಿತ್ತು. ಅವರ ಊರಿನ ಕರಾವಳಿಯಲ್ಲಿ ಹುಟ್ಟಿದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಾಂಕಿನ ಹೊತ್ತಿಗೆ ಮುಸ್ಲಿಮನಾದ ಬ್ಯಾರಿಯ ಕೈಯಿಂದ ಹಾಡು ಬಂದರೆ ಅದು ಮರೆವು, ಹಿಂದುವಿನ ಕೈಯಿಂದ ಬಂದರೆ ಬೇರೆಯೇ. ಅಖಿಲೇಶನ ಹೆಂಡತಿ ಅನಿಷಾ ಮಗುವನ್ನೆತ್ತಿಕೊಂಡು ಬಂದು ಎರಡು ತಿಂಗಳೂ ಆಗಿರಲಿಲ್ಲ. ಅವನು ಕುರ್ಚಿಯ ತುದಿಯಲ್ಲಿ ಕೂತಿದ್ದ, ಎರಡೂ ಕೈ ತೊಡೆಗಳ ನಡುವೆ.

"ನೌಶಾದ್," ಎಂದರು ಸಮದ್. ಈ ಬಾರಿ ಮಾತು ಬ್ಯಾರಿ ಭಾಷೆಗೆ ಹೊರಳಿತ್ತು, ಮತ್ತೆ ಅಖಿಲೇಶನಿಗೂ ತಿಳಿಯಲಿ ಎಂದೋ ಏನೋ ಕನ್ನಡಕ್ಕೆ ಬಂತು. "ಕೆಲಸ ನಿನ್ನದೇ ಅಲ್ಲವಾ? ನೀನು ಬಿಟ್ಟು ಹೋದದ್ದೂ ಹೌದು. ನೀನೇ ಮಾಡಿದ್ದು ಅಂತ ಹೇಳಿದ್ರೆ ತಪ್ಪು ಒಪ್ಪಿ ತೌಬಾ ಮಾಡಿದ ಹಾಗೆ, ಒಂದು ಮಾತಿನಲ್ಲಿ ಮುಗೀತದೆ. ನಮ್ಮವನೇ, ಎಚ್ಚರ ತಪ್ಪಿದ ಅಂತಾರೆ. ನಾನು ಕರಕೊಂಡು ಹೋಗ್ತೇನೆ, ಕ್ಷಮೆ ಕೇಳುವ, ಕಾಫಿ ಕುಡಿದು ಬರುವ."

"ಮತ್ತೆ ನನ್ನ ಗಂಟೆ?"

"ಎಂತ ಗಂಟೆ?"

"ಶನಿವಾರದ್ದು, ಸಮದಾಕ. ಯೆಸೇನಿಯಾಗೆ ಕಳಿಸಿ ಆಗಿದೆ."

ಸಮದ್ ಮೊದಲ ಬಾರಿ ನಕ್ಕರು. "ಇಲ್ಲಿ ಮನೆಗೆ ಬೆಂಕಿ ಬಿದ್ದಿದೆ, ಇವನಿಗೆ ಮೀನಿನ ಪುಳಿಮುಂಚಿಯ ಚಿಂತೆ. ಗಂಟೆ ನಿನ್ನದೇ ಮಾರಾಯ. ನಾನಿದ್ದೇನಲ್ಲ, ಬಂದರ್‌ಗೆ ನಾನು ಹೇಳ್ತೇನೆ."

ನೌಶಾದ್ ಅಖಿಲೇಶನ ಕಡೆ ನೋಡಿದ. ಅಖಿಲೇಶ ತಲೆ ಎತ್ತಲಿಲ್ಲ, ಬೇಡ ಎನ್ನಲೂ ಇಲ್ಲ.

"ಆಯ್ತು," ಎಂದ ನೌಶಾದ್. "ನನ್ನ ಹೆಸರು ಕೊಡಿ."

ಹೊರಗೆ ಕಾರಿಡಾರಿನಲ್ಲಿ ಅಖಿಲೇಶ ಅವನ ಮೊಣಕೈ ಹಿಡಿದುಕೊಂಡ. ಇಬ್ಬರೂ ಯಾವಾಗಲೂ ಮಾತಾಡುವುದು ತುಳುವಿನಲ್ಲಿ. "ಅನಿಷಾ ನಾಳೆ ನೀರ್‌ದೋಸೆ ಮಾಡ್ತಾಳೆ, ಬಾ," ಎಂದ ಅಖಿಲೇಶ.

"ಕೋಳಿ ಸಾರು ಉಂಟಾ?"

"ಉಂಟು."

"ಹಾಗಾದ್ರೆ ನಿನ್ನನ್ನು ಮಾಫ್ ಮಾಡಿದೆ, ಹೋಗು." ಅವನು ಅದನ್ನು ತಮಾಷೆಗೇ ಹೇಳಿದ್ದ. ಆ ಹೊತ್ತಿಗೆ ಅದು ತಮಾಷೆಯಾಗಿಯೇ ಇತ್ತು.

*

ಖೋಬರಿಗೆ ಹೋಗುವ ಹೆದ್ದಾರಿಯ ಇಕ್ಕೆಲಗಳಲ್ಲಿ ಮರಳು ಬಿಟ್ಟರೆ ಮರಳು. ಸಮದ್ ದಾರಿಯುದ್ದಕ್ಕೂ ಅವನಿಗೆ ಪಾಠ ಹೇಳಿಕೊಟ್ಟರು: ಮೊದಲು ಸಲಾಂ, ಆಮೇಲೆ ತಂದೆಯವರ ಆರೋಗ್ಯ, ವಾದ ಮಾಡಬಾರದು, ಮೆಷಿನ್ ಕೆಟ್ಟಿತ್ತು ಎನ್ನಬಾರದು. "ಮೆಷಿನ್ ಅಂದ್ರೆ ನೆಪ ಆಗ್ತದೆ. ನನ್ನಿಂದ ತಪ್ಪಾಯ್ತು ಅಂದ್ರೆ ಮನುಷ್ಯನ ಮಾತು ಆಗ್ತದೆ." ನೌಶಾದ್ ಹೂಂಗುಟ್ಟುತ್ತ ಮನಸ್ಸಿನಲ್ಲೇ ತನ್ನ ಗಂಟೆಗೆ ಹೆಸರು ಜೋಡಿಸುತ್ತಿದ್ದ. ಖೋಬರ್ ಮುಟ್ಟಿ ಥುಕ್ಬಾ ಬಡಾವಣೆಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಆ ಅಂಗಡಿಯ ಭಟ್ಕಳದವನ ಹೆಸರೂ ಸೇರಿತು. "ಅನಸ್ ಅಂತ. ಹೇಳಿಬಿಡಿ ಭಾಯ್, ಕೊಲಂಬಿಯಾದಿಂದ ಯಾರಾದ್ರೂ ಚಹಾಕ್ಕೆ ಬರಬಹುದು," ಎಂದು ಅವನು ಕಣ್ಣು ಹೊಡೆದ.

ಕೆಫೆ ಸಮುದ್ರಕ್ಕೆ ಮುಖ ಮಾಡಿತ್ತು. ಸೀಲಿಂಗಿನ ಒಂದು ಹಲಗೆ ತೆರೆದೇ ಇತ್ತು. ಅದರೊಳಗಿಂದ ವೈರುಗಳು ಇಳಿಬಿದ್ದಿದ್ದವು. ಮಾಲೀಕ ನಲವತ್ತರ ಆಸುಪಾಸಿನವನು, ಮೆಲುದನಿಯವನು. ಎದ್ದು ನಿಂತು ಕೈ ಕುಲುಕಿದ, ತಾನೇ ಕಾಫಿ ಬಗ್ಗಿಸಿಕೊಟ್ಟ, ಖರ್ಜೂರದ ತಟ್ಟೆ ಮುಂದೆ ತಳ್ಳಿದ. ಬೈಗುಳಕ್ಕೆ ಸಿದ್ಧನಾಗಿ ಬಂದಿದ್ದ ನೌಶಾದ್‌ಗೆ ಈ ಮರ್ಯಾದೆಯ ಅರ್ಥ ತಿಳಿಯಲಿಲ್ಲ.

ಅವನು ಕಲಿತ ಹಾಗೆಯೇ ಹೇಳಿದ. ತನ್ನಿಂದ ತಪ್ಪಾಯಿತು. ಹೊತ್ತು ನೋಡಲಿಲ್ಲ. ತಂದೆಯವರು ಕ್ಷಮಿಸಬೇಕು.

ಮಾಲೀಕ ಪೂರ್ತಿ ಕೇಳಿಸಿಕೊಂಡ. ಆಮೇಲೆ ಅರಬಿಯಲ್ಲಿ ನಿಧಾನವಾಗಿ, ಅವನಿಗೆ ಅರ್ಥವಾಗುವ ಹಾಗೆ ಕೇಳಿದ. "ನೀನು ನಮಾಜು ಮಾಡುವವನಾ?"

"ಹೌದು."

"ಆವತ್ತು ಮಗ್ರಿಬ್ ಮಾಡಿದೆಯಾ?"

ನೌಶಾದ್‌ಗೆ ಸುಳ್ಳು ಹೇಳಲಾಗಲಿಲ್ಲ. ಆವತ್ತಿನ ಮಗ್ರಿಬ್ ಫೋನಿನ ಗದ್ದಲದಲ್ಲಿ ತಪ್ಪಿಹೋಗಿತ್ತು. ಅವನು ಕಾಫಿಯ ಬಟ್ಟಲು ನೋಡಿದ.

"ನನ್ನ ತಂದೆ ಏನು ಹೇಳಿದರು ಗೊತ್ತಾ?" ಎಂದ ಮಾಲೀಕ. "ಇದನ್ನು ಮಾಡಿದವನು ಮುಸ್ಲಿಮನಲ್ಲದಿದ್ದರೆ ಬಿಟ್ಟುಬಿಡು, ಪಾಪ, ಅವನಿಗೇನು ತಿಳಿಯುತ್ತದೆ, ಎಲ್ಲಿಂದಲೋ ಹೊಟ್ಟೆಪಾಡಿಗೆ ಬಂದವನು. ಅವನ ಹೆಸರು ಕೇಳಿ ಬಾ, ಅವನಿಗೆ ಏನೂ ಆಗದ ಹಾಗೆ ನೋಡಿಕೋ ಅಂದರು. ಅದಕ್ಕೇ ಹೆಸರು ಕೇಳಿದೆ. ನಿಮ್ಮಿಂದ ಬಂದದ್ದು ನಿನ್ನ ಹೆಸರು." ಅವನು ತಲೆಯಾಡಿಸಿದ. ಸಿಟ್ಟಿಗಿಂತ ಹೆಚ್ಚಾಗಿ ಅವನಿಗೆ ಬೇಸರವಾಗಿತ್ತು. "ತಿಳಿಯದವನಾಗಿದ್ದರೆ ಈ ಕಾಫಿ ಕುಡಿದು ನಗುತ್ತಿದ್ದೆವು. ತಿಳಿದವನು ನೀನು. ನಿನಗೆ ನಾನು ಏನು ಹೇಳಲಿ?"

ನೌಶಾದ್ ಸಮದ್‌ರ ಕಡೆ ತಿರುಗಿದ. ಸಮದ್ ಖರ್ಜೂರವೊಂದನ್ನು ಕೈಗೆತ್ತಿಕೊಂಡು ಅದರ ಬೀಜ ಬಿಡಿಸುತ್ತಿದ್ದರು. ಬಹಳ ಹೊತ್ತು ಬಿಡಿಸಿದರು.

ಸತ್ಯ ನಾಲಗೆಯ ತುದಿಯಲ್ಲೇ ಇತ್ತು. ಆದರೆ ಈಗ ಅದನ್ನು ಉಗುಳಿದರೆ ಹೇಗೆ ಕೇಳಿಸುತ್ತದೆ? ಮಾಡಿದವನು ನಾನಲ್ಲ, ನಮ್ಮ ಆಫೀಸಿನ ಹಿಂದೂ. ಕ್ಷಮೆ ಯಾರಿಗೆ ಸಿಗುತ್ತದೆಂದು ಗೊತ್ತಾದ ಮರುಕ್ಷಣವೇ ಆ ಕಡೆಗೆ ಬೆರಳು ತೋರಿಸಿದ ಹಾಗೆ. ಜಗತ್ತಿನ ಅತ್ಯಂತ ಹೇಡಿ ಸುಳ್ಳಿನ ಆಕಾರವನ್ನು ಅವನ ಸತ್ಯ ತೊಟ್ಟುಕೊಂಡಿತ್ತು. ಅವನು ಬಟ್ಟಲನ್ನು ಅಲ್ಲಾಡಿಸಿ ಸಾಕು ಎಂದು ಸೂಚಿಸಿ ಕೆಳಗಿಟ್ಟ.

ಕಾರು ಮತ್ತೆ ಹೆದ್ದಾರಿಗೆ ಬಂತು. ಸಮದ್ ಹೇಳಿದರು, "ನಾವು ನಮ್ಮ ಊರಿನ ಲೆಕ್ಕ ಹಾಕಿದೆವು."

"ನಾವಲ್ಲ," ಎಂದ ನೌಶಾದ್. "ನೀವು."

"ನೀನು ಹೂಂ ಅಂದದ್ದಲ್ಲವಾ?"

ಆ ಲೆಕ್ಕ ನೌಶಾದ್‌ನ ತಲೆಯಲ್ಲೂ ಹಾಗೆಯೇ ಕೂತಿತ್ತು. ಸಮುದ್ರ ದಾಟಿ ಬಂದರೂ ಇಲ್ಲಿನ ವಾಸದ ಪರವಾನಗಿ ಇಕಾಮಾದ ಜೊತೆ ಅದನ್ನೂ ಜೇಬಿನಲ್ಲಿಟ್ಟುಕೊಂಡೇ ಓಡಾಡಿದ್ದರು ಮೂವರೂ.

*

ಹನ್ನೆರಡು ಕೆಫೆಗಳು ಉಳಿದವು, ಒಂದು ಷರತ್ತಿನ ಮೇಲೆ. ಆ ಹೆಸರಿನವನು ತಮ್ಮ ಸದ್ದಿನ ಹತ್ತಿರ ಸುಳಿಯಬಾರದು. ಬಂದರ್ ಒಪ್ಪಿಕೊಂಡ. ನೌಶಾದ್‌ನ ಮೇಜು ಅಖಿಲೇಶನಿಗೆ ಹೋಯಿತು. ನೌಶಾದ್‌ಗೆ ಏಣಿ ಕೊಟ್ಟರು. ರಿಯಾದಿನ ಕೆಫೆಗಳ ಸೀಲಿಂಗಿನಲ್ಲಿ ಪೆಟ್ಟಿಗೆ ಕೂರಿಸುವ ಕೆಲಸ. ಹಾಡುಗಳ ಕೆಳಗೆ ಕೂತು ಕೇಳುತ್ತಿದ್ದವನು ಈಗ ಹಾಡುಗಳ ಮೇಲೆ, ಧೂಳಿನ ನಡುವೆ, ತಲೆ ಬಗ್ಗಿಸಿ ಕೂರತೊಡಗಿದ.

ನೀರ್‌ದೋಸೆಗೆ ಅವನು ಹೋಗಲಿಲ್ಲ. ಅಖಿಲೇಶನೇ ಒಂದು ಸಂಜೆ ಡಬ್ಬಿ ಹಿಡಿದುಕೊಂಡು ಮಲಾಜ್‌ನ ರೂಮಿಗೆ ಬಂದ. ನೌಶಾದ್ ಅವನಿಗೆ ಖೋಬರಿನ ಮುದುಕರು ಹೇಳಿದ್ದನ್ನು ಹೇಳಿದ. ಒಂದೂ ಮಾತು ಬಿಡದೆ ಹೇಳಿದ.

ಅಖಿಲೇಶ ಬಾಗಿಲಲ್ಲೇ ನಿಂತಿದ್ದ. "ಹಾಗೆ ಹೇಳಿದರಾ?"

"ಹಾಗೇ ಹೇಳಿದ್ದು. ಪಾಪ ಅಂದರಂತೆ ನಿನ್ನನ್ನು."

"ಈಗ ನಾನು ಹೋಗಿ ಹೇಳಿದ್ರೆ... ಸಮದ್ ಸಾರ್ ಸುಳ್ಳು ಹೇಳಿದ್ರು ಅಂತ ಆಗ್ತದೆ. ನೀನೂ ಸುಳ್ಳು ಹೇಳಿದೆ ಅಂತ ಆಗ್ತದೆ. ಎಲ್ಲರೂ ಒಟ್ಟಿಗೆ ಮನೆಗೆ."

"ಆಗ್ತದೆ."

"ಅವರು ಹಾಗೆ ಹೇಳಿದ್ದು ಮೊದಲು, ಗೊತ್ತಿಲ್ಲದಾಗ. ಈಗ ನಿಜವಾಗ್ಲೂ ನನ್ನ ಹೆಸರು ಹೋದ್ರೆ ಹಾಗೇ ಹೇಳ್ತಾರೆ ಅಂತ ಏನು ಗ್ಯಾರಂಟಿ?"

"ಗ್ಯಾರಂಟಿ ಇಲ್ಲ," ಎಂದ ನೌಶಾದ್. "ಡಬ್ಬಿ ಅಲ್ಲಿಡು. ಬೆಳಿಗ್ಗೆ ತೊಳೆದು ತಂದುಕೊಡ್ತೇನೆ."

ಯೆಸೇನಿಯಾಳ ಸಂದೇಶ ಬಂದದ್ದು ಆ ವಾರವೇ. ದನಿ ಇಷ್ಟವಾಗಿದೆ, ಅದರಲ್ಲಿ ಬೇರೆ ಯಾವುದೋ ಕಡಲಿನ ಉಪ್ಪಿದೆ, ಇಂಥದು ನಮ್ಮ ಸರಪಳಿಯಲ್ಲಿ ಇಲ್ಲ, ಒಂಬತ್ತನೇ ಸ್ಟೇಷನ್ನಿಗೆ ಮುಂದಿನ ಶನಿವಾರ ಗಂಟೆ ಕೊಟ್ಟಿದ್ದೇವೆ. ನೌಶಾದ್ ಅದನ್ನು ಏಣಿಯ ಮೇಲೆ ನಿಂತು ಓದಿದ. ಓದಿ ಹಸ್ನಾಳಿಗೆ ಫೋನು ಮಾಡಿದ.

"ಮೊದಲು ಉಮ್ಮನ ಹೆಸರು ಹೇಳಿ, ಆಮೇಲೆ ನನ್ನದು," ಎಂದಳು ಅವಳು. "ಇಲ್ಲದಿದ್ರೆ ನನಗೆ ಇಲ್ಲಿ ಬದುಕ್ಲಿಕ್ಕೆ ಆಗುವುದಿಲ್ಲ. ಮತ್ತೆ, ನಿಮ್ಮ ಹೆಸರು ಹೇಳ್ತೀರಲ್ಲ? ಯಾರು ಮಾತಾಡುವುದು ಅಂತ ಅವರಿಗೆ ಗೊತ್ತಾಗಬೇಕಲ್ಲ?"

"ಹೇಳ್ತೇನೆ," ಎಂದ ಅವನು. "ಶುರುವಿಗೇ ಹೇಳ್ತೇನೆ. ನಾನು ಉಪ್ಪಿನಂಗಡಿಯ ನೌಶಾದ್ ಅಂತ."

*

ಶುಕ್ರವಾರ ಜುಮಾ ನಮಾಜು ಮುಗಿದ ಮೇಲೆ ಒಲಾಯಾ ಖಾಲಿ ಹೊಡೆಯುತ್ತಿತ್ತು. ರೆಕಾರ್ಡಿಂಗ್ ಕೋಣೆಯಲ್ಲಿ ಮಾತ್ರ ದೀಪ. ಗಾಜಿನಾಚೆ ಅಖಿಲೇಶ ಮೆಷಿನ್ ಮುಂದೆ ಕೂತಿದ್ದ. ಈಚೆ, ಮೈಕಿನ ಮುಂದೆ ನೌಶಾದ್. ಇಸ್ತ್ರಿ ಮಾಡಿದ ಶರ್ಟು ಹಾಕಿದ್ದ, ರೇಡಿಯೊದಲ್ಲಿ ಅದು ಯಾರಿಗೂ ಕಾಣುವುದಿಲ್ಲವೆಂದು ಗೊತ್ತಿದ್ದೂ. ಹೆಸರುಗಳು ಬಾಯಿಪಾಠವಾಗಿದ್ದವು. ಯಾವ ಹಾಡಿನ ಯಾವ ಸಂದಿನಲ್ಲಿ ಯಾರು ಎಂಬುದನ್ನೂ ಗುರುತು ಮಾಡಿಕೊಂಡಿದ್ದ. ಲಾಂಡ್ರಿಯ ಸೇಸಪ್ಪಣ್ಣನಿಗೆ ಒಂದು ಉದ್ದನೆಯ ತುತ್ತೂರಿಯ ಜಾಗ ಮೀಸಲು.

ಸಮದ್ ಬಾಗಿಲು ತೆರೆದು ಒಳಗೆ ಬಂದರು. ಕೂರಲಿಲ್ಲ.

"ಶುರು ಮಾಡುವ ಮೊದಲು ಒಂದು ವಿಷಯ ಉಂಟು," ಎಂದರು. "ಬಂದರ್ ಹತ್ತಿರ ಮಾತಾಡಿದೆ. ಗಂಟೆ ನಿನ್ನದೇ. ನಾನು ಕೊಟ್ಟ ಮಾತು ತಪ್ಪುವುದಿಲ್ಲ."

"ಆದರೆ?"

"ಆದರೆ ಇದು ಖೋಬರಿನ ಕೆಫೆಗಳಲ್ಲೂ ಹೋಗ್ತದೆ. ಅವ ಕೇಳ್ತಾನೆ, ಅವನ ತಂದೆ ಕೇಳ್ತಾರೆ. ಬಾಂಕಿನ ಹೊತ್ತಿಗೆ ಡೋಲು ಬಾರಿಸಿದವನನ್ನೇ ತಂದು ಮೈಕಿಗೆ ಕೂರಿಸಿದ್ದಾರೆ ಅಂತ ಆಗಬಾರದು. ಆದ್ದರಿಂದ ನೌಶಾದ್ ಅಂತ ಬೇಡ. ಬಂದರ್ ಒಂದು ಹೆಸರು ಇಟ್ಟಿದ್ದಾನೆ. ನಾಂದೋ. ಚೆಂದ ಉಂಟು, ಅವರ ಕಡೆಯ ಹೆಸರೇ."

ನೌಶಾದ್ ಹೆಡ್‌ಫೋನ್ ಒಂದು ಕಿವಿಯಿಂದ ಸರಿಸಿದ. "ಮತ್ತೆ ನಮಸ್ಕಾರಗಳು?"

"ಅದನ್ನೇ ಹೇಳ್ತಾ ಇದ್ದೇನೆ. ಅವರ ಕಡೆಯ ಹೆಸರು ಎಷ್ಟು ಬೇಕಾದ್ರೂ ಹೇಳು. ನಮ್ಮವರ ಹೆಸರು ಬೇಡ. ಝುಬೈದಾ, ಸೇಸಪ್ಪ ಅಂದ್ರೆ ನಾಂದೋಗೆ ಇವರೆಲ್ಲ ಎಲ್ಲಿಂದ ಬಂದರು ಅಂತ ಆಗ್ತದಲ್ಲ?"

"ಹಾಗಾದ್ರೆ ನಾನು ಯಾರಿಗೆ ಮಾತಾಡುವುದು?"

"ಕೇಳುವವರಿಗೆ ಮಾರಾಯ. ಎಂಟು ಸ್ಟೇಷನ್, ಲಕ್ಷಗಟ್ಟಲೆ ಜನ. ನಿನಗೆ ಬೇಕಾದದ್ದು ಅದೇ ಅಲ್ಲವಾ? ಆರು ತಿಂಗಳು ಹೋಗ್ಲಿ, ಎಲ್ಲ ಮರೀತಾರೆ. ಆಮೇಲೆ ನಿಧಾನಕ್ಕೆ ನಿನ್ನ ಹೆಸರು ತರುವ. ಪ್ರತಿ ಸರದಿಯೂ ನಿನಗೇ. ಏಣಿ ಕೆಲಸವೂ ಬೇಡ, ನಾಳೆಯಿಂದಲೇ ಬಿಟ್ಟುಬಿಡು."

ನೌಶಾದ್ ಗಾಜಿನಾಚೆ ನೋಡಿದ. ಮೈಕು ತೆರೆದೇ ಇತ್ತು. ಇಲ್ಲಿನ ಪ್ರತಿ ಮಾತೂ ಅಖಿಲೇಶನ ಕಿವಿಗೆ ಬೀಳುತ್ತಿತ್ತು. ಮಾಡಿದ್ದು ನಾನು ಎಂಬ ಅವನ ಒಂದು ಮಾತು ಸಾಕಿತ್ತು. ಗುಂಡಿ ಒತ್ತಿದರೆ ಆಚೆಯವನ ದನಿ ಈಚೆ ಕೇಳುತ್ತದೆ. ಅಖಿಲೇಶನ ಕೈ ಗುಂಡಿಯ ಹತ್ತಿರವೇ ಇತ್ತು. ಅವನು ನೌಶಾದ್‌ನನ್ನು ಒಂದು ಗಳಿಗೆ ನೋಡಿದ, ತುಟಿ ಒದ್ದೆ ಮಾಡಿಕೊಂಡ, ಆಮೇಲೆ ಬಗ್ಗಿ ಮೇಜಿನ ಕೆಳಗೆ ಯಾವುದೋ ಕೇಬಲನ್ನು ಸರಿಮಾಡತೊಡಗಿದ. ಕೇಬಲು ಸರಿಯಾಗಿಯೇ ಇತ್ತು. ಬೆಳಿಗ್ಗೆ ಅದನ್ನು ಜೋಡಿಸಿದವನು ನೌಶಾದ್.

"ಯೆಸೇನಿಯಾ ಕಾಯ್ತಾ ಇದ್ದಾಳೆ," ಎಂದರು ಸಮದ್. "ಅಲ್ಲಿ ಆಗಲೇ ಬೆಳಗಾಗಿದೆ. ಯಲ್ಲಾ, ಒಂದು ಹೆಸರಲ್ಲಿ ಎಂತ ಉಂಟು? ದನಿ ನಿನ್ನದೇ."

ಹೆಡ್‌ಫೋನಿನ ಒಂದು ಕಿವಿಯಲ್ಲಿ ಮೊದಲ ಹಾಡು ಶುರುವಾಗಿತ್ತು. ಅಖಿಲೇಶ ಮೇಜಿನ ಕೆಳಗಿಂದ ಎದ್ದು, ಮುಖ ತೋರಿಸದೆ, ಅದನ್ನು ಬಿಟ್ಟಿದ್ದ. ಡೋಲುಗಳು ಬಂದವು, ತುತ್ತೂರಿಗಳು ಏರಿದವು, ಏರಿ ಒಂದು ಕ್ಷಣ ಉಸಿರೆಳೆದುಕೊಳ್ಳಲು ನಿಂತವು. ನೌಶಾದ್ ತನ್ನ ಹೆಸರಿಗೆಂದು ಗುರುತು ಮಾಡಿಟ್ಟ ಸಂದು ಅದೇ. ಅದು ತೆರೆದುಕೊಂಡಿತು, ಕಾದಿತು, ಮುಚ್ಚಿಕೊಂಡಿತು. ಹಾಡು ಮುಂದಕ್ಕೆ ಹೋಯಿತು.

ನೌಶಾದ್ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟ.

"ನಾನು ಮಾತಾಡುವುದಿಲ್ಲ," ಎಂದ.